ಶಾಲೆಯೋ ಸೈನ್ಯವೋ: ಎಕ್ಸ್-ಮೆನ್ ಕಾಮಿಕ್ಸ್‌ನ ಮಕ್ಕಳು ಮತ್ತು ಅವರ ಗುರುಗಳು

1963ರ ಸೆಪ್ಟೆಂಬರ್ ತಿಂಗಳ ಹೆಸರು ಹೊತ್ತು ಬಂದ ‘ಎಕ್ಸ್-ಮೆನ್’ ಕಾಮಿಕ್ಸ್‌ನ ಮೊದಲ ಸಂಚಿಕೆಯಲ್ಲಿ ಜೀನ್ ಗ್ರೇ ಎಂಬ ಹುಡುಗಿ ಟ್ಯಾಕ್ಸಿಯಲ್ಲಿ ಬಂದು ಹೊಸ ಶಾಲೆಯ ಬಾಗಿಲಲ್ಲಿ ಇಳಿಯುತ್ತಾಳೆ. ಒಳಗೆ ಆಗಲೇ ನಾಲ್ವರು ಹುಡುಗರಿದ್ದಾರೆ. ಗಾಲಿಕುರ್ಚಿಯಲ್ಲಿ ಕುಳಿತ ಒಬ್ಬನೇ ಒಬ್ಬ ಗುರು ಇದ್ದಾನೆ. ಪರಿಚಯ ಮುಗಿಯುವಷ್ಟರಲ್ಲಿ ಅವಳ ಕೈಗೆ ಸಮವಸ್ತ್ರ ಬರುತ್ತದೆ. ಅದೇ ಸಂಚಿಕೆಯ ಕೊನೆಯ ಪುಟಗಳಲ್ಲಿ ಅವಳು ಕೇಪ್ ಸಿಟಡೆಲ್ ಎಂಬ ಕ್ಷಿಪಣಿ ನೆಲೆಯಲ್ಲಿ ನಿಂತು, ಲೋಹವನ್ನೆಲ್ಲ ಬೇಕಾದಂತೆ ಕುಣಿಸುವ ಮ್ಯಾಗ್ನೆಟೋ ಎಂಬುವನ ಜತೆ ಕಾದಾಡುತ್ತಿರುತ್ತಾಳೆ. ದಾಖಲಾತಿಗೂ ಯುದ್ಧಕ್ಕೂ ನಡುವೆ ಒಂದು ಪಾಠವಾದರೂ ನಡೆದ ಹಾಗೆ ಕಾಣುವುದಿಲ್ಲ.

ಇಪ್ಪತ್ತು ಚಿಲ್ಲರೆ ಪುಟಗಳಲ್ಲಿ ಕತೆ ಮುಗಿಸಬೇಕಿದ್ದ ಕಾಲದ ಅವಸರ ಅದು ಎಂದು ಸುಮ್ಮನಾಗಬಹುದು. ಆದರೆ ಆರು ದಶಕ ದಾಟಿದ ಮೇಲೂ ಈ ಕಾಮಿಕ್ಸ್ ಆ ಅವಸರದ ಲೆಕ್ಕ ಚುಕ್ತಾ ಮಾಡುತ್ತಲೇ ಇದೆ. ಸಿನಿಮಾಗಳಿಂದ ಎಕ್ಸ್-ಮೆನ್ ಪರಿಚಯವಾದವರಿಗೆ ವುಲ್ವರಿನ್‌ನ ಉಕ್ಕಿನ ಉಗುರುಗಳು ಗೊತ್ತು, ಮನುಷ್ಯರು ಮ್ಯೂಟೆಂಟರನ್ನು ದ್ವೇಷಿಸುತ್ತಾರೆ ಎಂಬುದೂ ಗೊತ್ತು. ಪುಟಗಳಲ್ಲಿ ಓದುತ್ತ ಹೋದರೆ ಬೇರೆಯೇ ಒಂದು ಜಗಳ ಎದ್ದು ಕಾಣುತ್ತದೆ. ದಿಕ್ಕುಗೆಟ್ಟ ಮಕ್ಕಳನ್ನು ಕರೆತಂದು ಅನ್ನ, ಸೂರು, ವಿದ್ಯೆ ಕೊಟ್ಟವರು ಅದಕ್ಕೆ ಪ್ರತಿಯಾಗಿ ಏನು ಕೇಳಬಹುದು ಎಂಬ ಜಗಳ. ಏಕಲವ್ಯನ ಹೆಬ್ಬೆರಳಿನ ಕತೆ ಕೇಳಿ ಬೆಳೆದ ನಮಗೆ ಗುರುದಕ್ಷಿಣೆಯಲ್ಲಿ ರಕ್ತದ ಕಲೆ ಇರಬಹುದು ಎಂಬುದು ಹೊಸ ಸಂಗತಿಯೇನಲ್ಲ. ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್‌ಗೆ ಅದು ಹೊಸದಾಗಿತ್ತು.

ಮೊದಲು ಮ್ಯೂಟೆಂಟ್ ಎಂದರೆ ಯಾರು ಎಂಬುದನ್ನು ತಿಳಿದುಕೊಳ್ಳೋಣ. ಲೇಖಕ ಸ್ಟ್ಯಾನ್ ಲೀ ಮತ್ತು ಚಿತ್ರಕಾರ ಜ್ಯಾಕ್ ಕರ್ಬಿ ಆಗ ಮಾರ್ವೆಲ್ ಪ್ರಕಾಶನಕ್ಕೆ ತಿಂಗಳಿಗೆ ರಾಶಿ ರಾಶಿ ಕತೆ ಬರೆದುಕೊಡುತ್ತಿದ್ದರು. ಒಬ್ಬ ನಾಯಕನಿಗೆ ಜೇಡ ಕಚ್ಚಿ ಶಕ್ತಿ ಬಂತು, ಇನ್ನೊಬ್ಬನಿಗೆ ಗಾಮಾ ಕಿರಣ ತಗುಲಿ ಬಂತು. ಪ್ರತಿಯೊಬ್ಬರಿಗೂ ಹೊಸ ಕಾರಣ ಹುಡುಕುವ ಗೋಜೇ ಬೇಡ, ಇವರಿಗೆ ಹುಟ್ಟಿನಿಂದಲೇ ಬಂದದ್ದು ಎಂದುಬಿಟ್ಟರೆ ಆಯಿತು ಎಂದು ತಮಗೆ ಹೊಳೆಯಿತೆಂದು ಲೀ ಮುಂದೆ ಹೇಳಿಕೊಂಡಿದ್ದಾರೆ. ಕೆಲಸ ಉಳಿಸಲು ಹೂಡಿದ ಉಪಾಯ. ಆದರೆ ಅದರ ಪರಿಣಾಮ ದೊಡ್ಡದು. ಈ ಶಕ್ತಿಯನ್ನು ಯಾರೂ ಕೊಟ್ಟಿಲ್ಲ, ಯಾರೂ ಬೇಡಿಲ್ಲ, ಸಾಮಾನ್ಯವಾಗಿ ಹದಿಹರೆಯದಲ್ಲಿ, ಮೈಯ ಉಳಿದ ಬದಲಾವಣೆಗಳ ಜತೆಗೇ ಅದೂ ತಲೆ ಎತ್ತುತ್ತದೆ. ಮೊಡವೆ ಬರುವ ವಯಸ್ಸಿನಲ್ಲಿ ಕಣ್ಣಿನಿಂದ ಗೋಡೆ ಒಡೆಯುವ ಕಿರಣ ಬಂದರೆ ಹುಡುಗ ಯಾರನ್ನು ಕೇಳಬೇಕು?

ಇಲ್ಲಿಯೇ ಎಕ್ಸ್-ಮೆನ್ ಬಗ್ಗೆ ಎಲ್ಲರೂ ಹೇಳುವ ವ್ಯಾಖ್ಯಾನ ಸ್ವಲ್ಪ ಕುಂಟುತ್ತದೆ. ಮ್ಯೂಟೆಂಟರು ಅಲ್ಪಸಂಖ್ಯಾತರ ಪ್ರತೀಕ. ಕಪ್ಪು ಜನರು, ಯಹೂದಿಗಳು, ಸಲಿಂಗಿಗಳು, ಯಾರೆಲ್ಲ ಹೊರಗಿಡಲ್ಪಟ್ಟಿದ್ದಾರೋ ಅವರೆಲ್ಲರ ಪ್ರತೀಕ ಎನ್ನುತ್ತಾರೆ. ಸರಿಯೇ. ಆದರೆ ಹೊರಗಿಡಲ್ಪಟ್ಟ ಮಗು ಸುಮ್ಮನೆ ಇದ್ದರೆ ಯಾರಿಗೂ ಅಪಾಯವಿಲ್ಲ. ಸೈಕ್ಲಾಪ್ಸ್ ಎಂಬ ಸ್ಕಾಟ್ ಸಮ್ಮರ್ಸ್ ತನ್ನ ಕೆಂಪು ಕನ್ನಡಕ ತೆಗೆದು ಕಣ್ಣು ಬಿಟ್ಟರೆ ಎದುರಿದ್ದವರಿಗೆ ನಿಜವಾಗಿಯೂ ಅಪಾಯವಿದೆ. ಮೈ ತಾಗಿದವರ ಶಕ್ತಿಯನ್ನೂ ನೆನಪನ್ನೂ ಹೀರಿಬಿಡುವ ರೋಗ್ ಎಂಬ ಹುಡುಗಿ ಮೊದಲ ಸಲ ಮುತ್ತು ಕೊಟ್ಟಾಗ ಆ ಹುಡುಗನ ಪ್ರಜ್ಞೆಯೇ ಹೋಯಿತು. ಪೂರ್ವಗ್ರಹದ ಕತೆಯಾಗಿ ಮಾತ್ರ ಓದಿದರೆ ಈ ತೂತು ಮುಚ್ಚುವುದಿಲ್ಲ. ಆ ತೂತು ಮುಚ್ಚಲೆಂದೇ ಕತೆಗೆ ಗುರು ಬೇಕಾದದ್ದು ಎಂಬುದು ನನ್ನ ಓದು. ರೂಪಕ ಎಲ್ಲಿ ಸೋಲುತ್ತದೋ ಅಲ್ಲಿ ಶಾಲೆ ಶುರುವಾಗುತ್ತದೆ.

ಆ ಶಾಲೆ ಇರುವುದು ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಚೆಸ್ಟರ್ ಕೌಂಟಿಯಲ್ಲಿ, ಒಂದು ಹಳೆಯ ಶ್ರೀಮಂತ ಬಂಗಲೆಯಲ್ಲಿ. ಬೋರ್ಡಿನ ಮೇಲೆ ಪ್ರತಿಭಾವಂತ ಮಕ್ಕಳ ಶಾಲೆ ಎಂದಿರುತ್ತದೆ. ತಂದೆತಾಯಿಯರು ಅದನ್ನೇ ನಂಬುತ್ತಾರೆ. ಒಳಗೆ ಡೇಂಜರ್ ರೂಮ್ ಎಂಬ ಕೋಣೆಯಿದೆ. ಗೋಡೆಯಿಂದ ಚೂಪು ಸರಳುಗಳು, ಯಂತ್ರಗಳು, ಬೆಂಕಿ ಹೊರಬಂದು ಮಕ್ಕಳ ಮೇಲೆ ಎರಗುತ್ತವೆ, ಅವರು ತಪ್ಪಿಸಿಕೊಳ್ಳಬೇಕು. ಶಕ್ತಿಯನ್ನು ಹತೋಟಿಗೆ ತರುವ ವ್ಯಾಯಾಮ ಎಂದು ನೋಡಿದರೆ ಅದು ಶಿಕ್ಷಣ. ಐವರೂ ಒಟ್ಟಿಗೆ ಶತ್ರುವಿನ ಮೇಲೆ ಬೀಳುವ ತಾಲೀಮು ಎಂದು ನೋಡಿದರೆ ಕವಾಯತು. ಎರಡೂ ಒಂದೇ ಕೋಣೆಯಲ್ಲಿ, ಒಂದೇ ಸಮವಸ್ತ್ರದಲ್ಲಿ ನಡೆಯುವುದರಿಂದ ಯಾವುದು ಎಲ್ಲಿ ಮುಗಿಯಿತು ಎಂದು ಮಕ್ಕಳಿಗೂ ತಿಳಿಯುವುದಿಲ್ಲ, ಗುರುವಿಗೂ ತಿಳಿಯುವುದಿಲ್ಲ.

ಗುರು ಚಾರ್ಲ್ಸ್ ಝೇವಿಯರ್ ಪರರ ಮನಸ್ಸನ್ನು ಓದಬಲ್ಲ, ಬೇಕಾದರೆ ತಿದ್ದಬಲ್ಲ. ಮನುಷ್ಯರೂ ಮ್ಯೂಟೆಂಟರೂ ಒಟ್ಟಿಗೆ ಬಾಳಬೇಕೆಂಬುದು ಅವನ ಕನಸು. ಸಂತನಂತೆ ಚಿತ್ರಿತನಾದ ಈತನ ಬಗ್ಗೆ ಆರಂಭದ ಸಂಚಿಕೆಗಳನ್ನೇ ಇಂದು ತೆರೆದರೆ ಹುಬ್ಬೇರುತ್ತದೆ. ಮೂರನೆಯ ಸಂಚಿಕೆಯ ಒಂದು ಚೌಕಟ್ಟಿನಲ್ಲಿ ಅವನು ತನ್ನ ವಿದ್ಯಾರ್ಥಿನಿ ಜೀನ್‌ಳನ್ನು ಪ್ರೀತಿಸುತ್ತಿರುವುದಾಗಿ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾನೆ. ಕತೆಗಾರರು ಆ ಎಳೆಯನ್ನು ಬೇಗನೆ ಕೈಬಿಟ್ಟರು, ಬಿಟ್ಟದ್ದು ಒಳ್ಳೆಯದಾಯಿತು. ಮುಂದೆ ಅವನು ಸತ್ತನೆಂದು ಮಕ್ಕಳೆಲ್ಲ ಅತ್ತರು. ಸತ್ತವನು ಅವನ ವೇಷದಲ್ಲಿದ್ದ ಬೇರೊಬ್ಬ, ಗುರು ನೆಲಮಾಳಿಗೆಯಲ್ಲಿ ಅಡಗಿ ಬೇರೆ ತಯಾರಿಯಲ್ಲಿದ್ದ, ಅದು ಜೀನ್‌ಗೆ ಮಾತ್ರ ಗೊತ್ತಿತ್ತು ಎಂದು ಬಳಿಕ ತಿಳಿಯಿತು. ಸುಳ್ಳು ಈ ಶಾಲೆಯ ಪಠ್ಯಕ್ರಮದಲ್ಲಿ ಮೊದಲಿನಿಂದಲೂ ಇದೆ.

ಎದುರಾಳಿ ಮ್ಯಾಗ್ನೆಟೋ ಕೂಡ ಮೇಷ್ಟ್ರೇ. ಝೇವಿಯರ್‌ನನ್ನು ಮಾರ್ಟಿನ್ ಲೂಥರ್ ಕಿಂಗ್‌ಗೂ ಮ್ಯಾಗ್ನೆಟೋನನ್ನು ಮಾಲ್ಕಮ್ ಎಕ್ಸ್‌ಗೂ ಹೋಲಿಸುವುದು ಮಾಮೂಲು. ಅರವತ್ತರ ದಶಕದ ಪುಟಗಳಲ್ಲಿ ಆ ಹೋಲಿಕೆಗೆ ಆಧಾರ ಕಡಿಮೆ. ಅಲ್ಲಿ ಮ್ಯಾಗ್ನೆಟೋ ಜಗತ್ತನ್ನು ಆಳಬೇಕೆಂದು ಗುಡುಗುವ ಸರಳ ಖಳನಾಯಕ. ಆದರೆ 1964ರ ನಾಲ್ಕನೆಯ ಸಂಚಿಕೆಯಲ್ಲಿ ಅವನ ಗುಂಪಿನ ಅಣ್ಣತಂಗಿ ಪಿಯೆಟ್ರೊ ಮತ್ತು ವಾಂಡಾರನ್ನು ಗಮನಿಸಬೇಕು. ವಾಂಡಾಳನ್ನು ಮಾಟಗಾತಿ ಎಂದು ಕೊಲ್ಲಲು ಬಂದ ಊರ ಜನರಿಂದ ಅವಳನ್ನು ಬಿಡಿಸಿದವನು ಮ್ಯಾಗ್ನೆಟೋ. ಅವನ ಕೆಲಸ ಇಬ್ಬರಿಗೂ ಹಿಡಿಸುವುದಿಲ್ಲ, ಆದರೂ ಆ ಉಪಕಾರದ ಋಣಕ್ಕೆ ಕಟ್ಟುಬಿದ್ದು ಬಿಟ್ಟುಹೋಗಲಾರರು. ಒಬ್ಬ ಗುರು ಕನಸು ತೋರಿಸಿ ಮಕ್ಕಳನ್ನು ಹಿಡಿದಿಡುತ್ತಾನೆ, ಇನ್ನೊಬ್ಬ ಋಣ ನೆನಪಿಸಿ ಹಿಡಿದಿಡುತ್ತಾನೆ. ಇಬ್ಬರ ಮಕ್ಕಳೂ ಕೊನೆಗೆ ನಿಲ್ಲುವುದು ರಣರಂಗದಲ್ಲೇ.

ಈ ಮೊದಲ ಸುತ್ತು ಹೆಚ್ಚು ದಿನ ಓಡಲಿಲ್ಲ. 1970ರಲ್ಲಿ 66ನೇ ಸಂಚಿಕೆಗೆ ಹೊಸ ಕತೆಗಳು ನಿಂತು ಐದು ವರ್ಷ ಹಳೆಯವೇ ಮರುಮುದ್ರಣವಾದವು. 1975ರಲ್ಲಿ ಲೆನ್ ವೀನ್ ಮತ್ತು ಡೇವ್ ಕಾಕ್ರಮ್ ಸೇರಿ ಹೊಸ ತಂಡ ಕಟ್ಟಿದರು: ಕೀನ್ಯಾದಿಂದ ಸ್ಟಾರ್ಮ್, ರಷ್ಯಾದಿಂದ ಕೊಲೋಸಸ್, ಜರ್ಮನಿಯಿಂದ ನೈಟ್‌ಕ್ರಾಲರ್, ಕೆನಡಾದಿಂದ ವುಲ್ವರಿನ್, ಅಪಾಚೆ ಮೂಲದ ಥಂಡರ್‌ಬರ್ಡ್. ಆಮೇಲೆ ಬರವಣಿಗೆ ಕ್ರಿಸ್ ಕ್ಲೇರ್ಮಾಂಟ್ ಕೈಗೆ ಬಂತು, 1991ರವರೆಗೂ ಅವರ ಕೈಯಲ್ಲೇ ಉಳಿಯಿತು. ಹೊಸಬರಲ್ಲಿ ಹೆಚ್ಚಿನವರು ವಯಸ್ಕರು, ಗುರುವಿನ ಮಾತಿಗೆ ತಲೆಬಾಗುವವರಲ್ಲ. ಥಂಡರ್‌ಬರ್ಡ್ ಎರಡನೆಯ ಕಾರ್ಯಾಚರಣೆಯಲ್ಲೇ ಹಟಮಾಡಿ ಸತ್ತ. ಶಾಲೆಯೆಂಬುದು ಹೆಸರಿಗೆ ಮಾತ್ರ ಉಳಿದಿತ್ತು. ಅದಕ್ಕೆ ಮತ್ತೆ ವಿದ್ಯಾರ್ಥಿ ಬೇಕಾಗಿದ್ದಳು.

ಆ ವಿದ್ಯಾರ್ಥಿನಿ ಬಂದದ್ದು 1980ರ ಜನವರಿಯ 129ನೇ ಸಂಚಿಕೆಯಲ್ಲಿ. ಶಿಕಾಗೋ ಬಳಿಯ ಡೀರ್‌ಫೀಲ್ಡ್‌ನ ಕಿಟ್ಟಿ ಪ್ರೈಡ್‌ಗೆ ಹದಿಮೂರೂವರೆ ವರ್ಷ. ಕೆಲವು ದಿನಗಳಿಂದ ತಲೆ ಸಿಡಿಯುತ್ತಿದೆ, ಅಪ್ಪ ಅಮ್ಮನ ದಾಂಪತ್ಯ ಮುರಿಯುವ ಹಂತದಲ್ಲಿದೆ, ಗೋಡೆಯೊಳಗಿಂದ ಹಾದುಹೋಗುವ ಶಕ್ತಿ ತನಗೆ ಬಂದಿದೆ ಎಂಬುದು ಅವಳಿಗಿನ್ನೂ ಗೊತ್ತಿಲ್ಲ. ಒಂದೇ ದಿನ ಎರಡು ಶಾಲೆಗಳ ಪ್ರತಿನಿಧಿಗಳು ಮನೆಗೆ ಬರುತ್ತಾರೆ. ಮೊದಲು ಬಂದವಳು ಬಿಳಿ ಉಡುಪಿನ, ಸೊಗಸಾಗಿ ಮಾತಾಡುವ ಎಮ್ಮಾ ಫ್ರಾಸ್ಟ್. ಮ್ಯಾಸಚೂಸೆಟ್ಸ್ ಅಕಾಡೆಮಿಯ ಮುಖ್ಯಸ್ಥೆ, ಗುಟ್ಟಾಗಿ ಹೆಲ್‌ಫೈರ್ ಕ್ಲಬ್ ಎಂಬ ದುಷ್ಟಕೂಟದ ಸದಸ್ಯೆ. ಅವಳನ್ನು ಕಂಡರೆ ಕಿಟ್ಟಿಗೆ ಏಕೋ ಇರುಸುಮುರುಸು. ಆಮೇಲೆ ಝೇವಿಯರ್ ಬರುತ್ತಾನೆ. ಅವನು ಅಪ್ಪ ಅಮ್ಮನ ಜತೆ ಮಾತಾಡುತ್ತಿರುವಾಗ ಸ್ಟಾರ್ಮ್, ಕೊಲೋಸಸ್, ವುಲ್ವರಿನ್ ಕಿಟ್ಟಿಯನ್ನು ಹತ್ತಿರದ ಐಸ್‌ಕ್ರೀಂ ಅಂಗಡಿಗೆ ಕರೆದೊಯ್ಯುತ್ತಾರೆ. ಸ್ಟಾರ್ಮ್ ಜತೆ ಅವಳು ತಡೆಯಿಲ್ಲದೆ ಹರಟುತ್ತಾಳೆ. ಅಷ್ಟರಲ್ಲಿ ಎಮ್ಮಾಳ ಕವಚಧಾರಿ ಭಟರು ಅಂಗಡಿಯ ಗೋಡೆ ಒಡೆದು ನುಗ್ಗುತ್ತಾರೆ.

ಒಳ್ಳೆಯ ಶಾಲೆ ಯಾವುದು, ಕೆಟ್ಟ ಶಾಲೆ ಯಾವುದು ಎಂಬ ಬಗ್ಗೆ ಓದುಗನಿಗೆ ಇಲ್ಲಿ ಅನುಮಾನವೇ ಇರುವುದಿಲ್ಲ. ಆದರೆ ಕ್ಲೇರ್ಮಾಂಟ್ ಅಷ್ಟಕ್ಕೆ ಬಿಡಲಿಲ್ಲ. ಎರಡು ಸಂಚಿಕೆಗಳ ನಂತರ ಮಗಳನ್ನು ಅಪಾಯಕ್ಕೆ ತಳ್ಳಿದ್ದಕ್ಕೆ ಅಪ್ಪ ಕೆಂಡಾಮಂಡಲವಾಗಿ ನಿಂತಾಗ, ಜೀನ್ ತನ್ನ ಮನಶ್ಶಕ್ತಿಯಿಂದ ಅವನ ಸಿಟ್ಟನ್ನು ಅಳಿಸಿಹಾಕುತ್ತಾಳೆ. ಅಪ್ಪ ನಗುನಗುತ್ತ ಒಪ್ಪಿಬಿಡುತ್ತಾನೆ. ಅವಳು ಅದನ್ನು ಎಷ್ಟು ಸಲೀಸಾಗಿ ಮಾಡಿದಳು ಎಂದು ಸೈಕ್ಲಾಪ್ಸ್ ಒಳಗೊಳಗೇ ಬೆಚ್ಚುತ್ತಾನೆ. ಕಿಟ್ಟಿಯ ದಾಖಲಾತಿ ಪತ್ರಕ್ಕೆ ಪೋಷಕರ ಸಹಿ ಬಿದ್ದ ಬಗೆ ಇದು, ಅದೂ ಒಳ್ಳೆಯ ಶಾಲೆಯಲ್ಲಿ.

1982ರ ಹೊತ್ತಿಗೆ ಝೇವಿಯರ್‌ಗೆ ತಾನು ಮಾಡಿದ್ದೇನು ಎಂಬುದು ಅರೆಬರೆ ಅರಿವಾಗಿದೆ. ಎಕ್ಸ್-ಮೆನ್ ಬಾಹ್ಯಾಕಾಶದಲ್ಲಿ ಸತ್ತೇಹೋದರೆಂದು ನಂಬಿರುವ ಅವನು ಇನ್ನು ಮಕ್ಕಳನ್ನು ಯುದ್ಧಕ್ಕೆ ಕಳುಹಿಸುವುದಿಲ್ಲ, ಪಾಠ ಮಾತ್ರ ಹೇಳುತ್ತೇನೆ ಎಂದುಕೊಂಡು ಹೊಸ ತರಗತಿ ಆರಂಭಿಸುತ್ತಾನೆ. ಕ್ಲೇರ್ಮಾಂಟ್ ಮತ್ತು ಚಿತ್ರಕಾರ ಬಾಬ್ ಮೆಕ್ಲಿಯೋಡ್ ತಂದ ‘ದ ನ್ಯೂ ಮ್ಯೂಟೆಂಟ್ಸ್’ ಇದು. ಸ್ಯಾಮ್ ಗಥ್ರಿ ಕೆಂಟಕಿಯ ಗಣಿ ಕಾರ್ಮಿಕರ ಮಗ, ಅಪ್ಪ ಸತ್ತ ಮೇಲೆ ಓದು ಬಿಟ್ಟು ಗಣಿಗೆ ಇಳಿದವನು. ಗಣಿ ಕುಸಿದಾಗ ಅವನ ಶಕ್ತಿ ಹೊರಬಿತ್ತು. ಶಾನ್ ವಿಯೆಟ್ನಾಂ ಯುದ್ಧದ ನಿರಾಶ್ರಿತೆ. ರಾಬರ್ಟೊ ಬ್ರೆಜಿಲ್‌ನ ಸಿರಿವಂತರ ಮಗ. ಫುಟ್‌ಬಾಲ್ ಮೈದಾನದಲ್ಲಿ ಎಲ್ಲರೆದುರು ಮೈ ಕಪ್ಪಾಗಿ ಶಕ್ತಿ ಉಕ್ಕಿದವನು. ರೇನ್ ಸ್ಕಾಟ್ಲೆಂಡಿನ ಅನಾಥೆ. ತೋಳವಾಗಿ ಬದಲಾಗುವ ತಾನು ಪಾಪಿ ಎಂದು ಅವಳನ್ನು ಬೆಳೆಸಿದ ಪಾದ್ರಿಯೇ ನಂಬಿಸಿದ್ದಾನೆ. ಡ್ಯಾನಿ ಮೂನ್‌ಸ್ಟಾರ್ ಶಯೆನ್ ಬುಡಕಟ್ಟಿನವಳು. ಎದುರಿದ್ದವರ ಆಳದ ಭಯ ಅವಳಿಂದಾಗಿ ಎಲ್ಲರ ಕಣ್ಣಿಗೂ ಕಾಣುವ ಚಿತ್ರವಾಗಿ ನಿಲ್ಲುತ್ತದೆ. ಯೋಚಿಸಿ ನೋಡಿ, ಹದಿಹರೆಯದವರ ಕೋಣೆಯಲ್ಲಿ ಇದಕ್ಕಿಂತ ಭಯಾನಕ ಶಕ್ತಿ ಇನ್ನೊಂದಿದೆಯೇ! 1984ರಲ್ಲಿ ಬಿಲ್ ಸಿಂಕೆವಿಚ್ ಚಿತ್ರ ಬರೆಯಲು ಬಂದ ಮೇಲೆ ಈ ಭಯಗಳಿಗೆ ಶಾಯಿ ಚೆಲ್ಲಿದಂತಹ, ಗೀಚಿ ಹರಿದಂತಹ ರೂಪ ಸಿಕ್ಕಿತು. ಡ್ಯಾನಿಯ ಹೆತ್ತವರನ್ನು ಕಸಿದ ರಾಕ್ಷಸ ಕರಡಿಯ ಆ ಮೂರು ಸಂಚಿಕೆಗಳನ್ನು ನೋಡಿದವರು ಮರೆಯುವುದಿಲ್ಲ.

ಮಕ್ಕಳನ್ನು ಯುದ್ಧಕ್ಕೆ ಕಳುಹಿಸುವುದಿಲ್ಲ ಎಂಬ ಸಂಕಲ್ಪ ಎಷ್ಟು ದಿನ ನಿಂತೀತು? ಮಾರುಕಟ್ಟೆಯಲ್ಲಿ ಹೊಡೆದಾಟವಿಲ್ಲದ ಸೂಪರ್‌ಹೀರೋ ಪತ್ರಿಕೆ ಓಡುವುದಿಲ್ಲ. ಪ್ರತಿ ತಿಂಗಳು ಅಪಾಯ ತಾನಾಗಿಯೇ ಬಂಗಲೆಯ ಬಾಗಿಲು ತಟ್ಟುತ್ತದೆ. ಇತ್ತ ಎಕ್ಸ್-ಮೆನ್ ಜೀವಂತ ಮರಳಿದಾಗ ಝೇವಿಯರ್ ಕಿಟ್ಟಿಯನ್ನು ದೊಡ್ಡವರ ತಂಡದಿಂದ ತೆಗೆದು ಈ ಮಕ್ಕಳ ತರಗತಿಗೆ ಹಾಕುತ್ತಾನೆ. ಒಂದು ಸಲ ಜೀವ ಪಣಕ್ಕಿಟ್ಟು ಹೋರಾಡಿ ಬಂದವಳಿಗೆ ಇದು ಅವಮಾನ. 1983ರ 168ನೇ ಸಂಚಿಕೆಯ ಮೊದಲ ಪುಟದ ತುಂಬ ಕಿಟ್ಟಿ ನಮ್ಮತ್ತ ಬೆರಳು ತೋರಿ ಪ್ರೊಫೆಸರನ್ನು ಬೈಯುತ್ತಾಳೆ. ಆ ಒಂದು ಸಾಲಿನ ಬೈಗುಳ ಅಭಿಮಾನಿಗಳಲ್ಲಿ ಗಾದೆಯಂತೆ ಉಳಿದಿದೆ. ತಮಾಷೆಯೆಂದರೆ ಇಲ್ಲಿ ಗುರುವಿನ ನಿಲುವೇ ಸರಿ: ಹದಿನಾಲ್ಕರ ಹುಡುಗಿ ರಣರಂಗದಲ್ಲಿರಬಾರದು. ಆದರೆ ಅವಳನ್ನು ಅಲ್ಲಿಗೆ ಕರೆದೊಯ್ದವನು ಅವನೇ ಆದ್ದರಿಂದ ಆ ಮಾತು ಹೇಳುವ ಅಧಿಕಾರ ಅವನಿಗೆ ಉಳಿದಿಲ್ಲ. ಇಡೀ ಎಕ್ಸ್-ಮೆನ್ ಕತೆಯ ಗಂಟು ಈ ಒಂದು ಪುಟದಲ್ಲಿದೆ ಎಂದು ನನಗೆ ಅನಿಸುತ್ತದೆ.

ಝೇವಿಯರ್‌ನನ್ನು ಖಂಡಿಸುವಾಗ ರೋಗ್‌ಳನ್ನೂ ನೆನೆಯುವುದು ನ್ಯಾಯ. ಅವಳನ್ನು ಸಾಕಿದವಳು ಎಕ್ಸ್-ಮೆನ್‌ನ ಶತ್ರು ಮಿಸ್ಟೀಕ್. ಕ್ಯಾರಲ್ ಡ್ಯಾನ್ವರ್ಸ್ ಎಂಬ ನಾಯಕಿಯ ಶಕ್ತಿಯನ್ನೂ ನೆನಪುಗಳನ್ನೂ ರೋಗ್ ಕಾಯಂ ಆಗಿ ಹೀರಿಕೊಂಡಿದ್ದಳು. ಈಗ ತಲೆಯಲ್ಲಿ ಎರಡು ಮನಸ್ಸು ಕಾದಾಡುತ್ತಿವೆ. 171ನೇ ಸಂಚಿಕೆಯಲ್ಲಿ ಅವಳು ಶತ್ರುಗಳ ಬಾಗಿಲಿಗೇ ಬಂದು ಸಹಾಯ ಬೇಡುತ್ತಾಳೆ. ತಂಡದವರೆಲ್ಲ ಬೇಡವೆಂದರೂ ಝೇವಿಯರ್ ಅವಳನ್ನು ಒಳಗೆ ಬಿಟ್ಟುಕೊಳ್ಳುತ್ತಾನೆ. ಈ ಶಾಲೆ ಶಾಲೆಯಾಗಿ ನಡೆದುಕೊಂಡ ಅಪರೂಪದ ಗಳಿಗೆ.

ಈ ಸರಣಿಗಳಲ್ಲಿ ಒಂದೇ ಒಂದು ಸಂಚಿಕೆ ಓದಲು ಹೇಳಿ ಎಂದರೆ ನಾನು 1986ರ ‘ನ್ಯೂ ಮ್ಯೂಟೆಂಟ್ಸ್’ 45ನೇ ಸಂಚಿಕೆಯನ್ನು ಕೈಗಿಡುತ್ತೇನೆ. ಅದರಲ್ಲಿ ಖಳನಾಯಕನಿಲ್ಲ. ಪಕ್ಕದ ಊರಿನ ಹೈಸ್ಕೂಲಿಗೆ ಹೊಸದಾಗಿ ಬಂದ ಲ್ಯಾರಿ ಬೋಡಿನ್ ಎಂಬ ಹುಡುಗ ಒಂದು ನೃತ್ಯಕೂಟದಲ್ಲಿ ಕಿಟ್ಟಿ ಮತ್ತು ಅವಳ ಗೆಳೆಯರಿಗೆ ಪರಿಚಯವಾಗುತ್ತಾನೆ. ಅವನೂ ಮ್ಯೂಟೆಂಟ್, ಬೆಳಕಿನಿಂದ ಶಿಲ್ಪಗಳನ್ನು ಮಾಡಬಲ್ಲವನು. ಅದನ್ನು ಬಚ್ಚಿಡಲು, ಎಲ್ಲರಲ್ಲಿ ಒಬ್ಬನಾಗಲು, ಮ್ಯೂಟೆಂಟರ ಬಗ್ಗೆ ಕೊಳಕು ಜೋಕು ಹೇಳುತ್ತಾನೆ. ಎದುರಿದ್ದವರೂ ತನ್ನವರೇ ಎಂದು ಅವನಿಗೆ ಗೊತ್ತಿಲ್ಲ. ಅವನು ತಮ್ಮವನೇ ಎಂದು ಅವರಿಗೂ ಗೊತ್ತಿಲ್ಲ. ಅವರು ಮುಖ ತಿರುಗಿಸಿ ಹೊರಟುಬಿಡುತ್ತಾರೆ. ಇತರ ಹುಡುಗರು ಅವನನ್ನು ಗೇಲಿ ಮಾಡಲೆಂದು, ನೀನು ಮ್ಯೂಟೆಂಟ್ ಎಂದು ಎಕ್ಸ್-ಫ್ಯಾಕ್ಟರ್‌ನವರಿಗೆ ಹಿಡಿದುಕೊಡುತ್ತೇವೆ ಎಂದು ಹೆದರಿಸುತ್ತಾರೆ. ಅವರಿಗೆ ಅದು ಕುಚೋದ್ಯ, ಅಷ್ಟೇ. ಲ್ಯಾರಿ ಆ ರಾತ್ರಿ ಪ್ರಾಣ ಕಳೆದುಕೊಳ್ಳುತ್ತಾನೆ.

ಎಕ್ಸ್-ಫ್ಯಾಕ್ಟರ್ ಯಾರು ಎಂದು ತಿಳಿದರೆ ಕತೆ ಇನ್ನೂ ಕಹಿಯಾಗುತ್ತದೆ. ಅದು ಝೇವಿಯರ್‌ನ ಮೊದಲ ಐವರು ಶಿಷ್ಯರೇ ಆಗ ಕಟ್ಟಿಕೊಂಡಿದ್ದ ಸಂಸ್ಥೆ. ಹೊರಗೆ ಮ್ಯೂಟೆಂಟರನ್ನು ಹಿಡಿಯುವವರೆಂದು ಜಾಹೀರಾತು, ಒಳಗೆ ಆ ನೆಪದಲ್ಲಿ ಮಕ್ಕಳನ್ನು ಕಾಪಾಡುವ ಉದ್ದೇಶ. ಜಾಹೀರಾತು ಮಾತ್ರ ಲ್ಯಾರಿಯ ಕಿವಿಗೆ ಬಿದ್ದಿತ್ತು. ಗುರುವಿನಿಂದ ಕಲಿತ ಮುಚ್ಚುಮರೆಯ ವಿದ್ಯೆಯನ್ನು ಶಿಷ್ಯರು ಚೆನ್ನಾಗಿಯೇ ಕಲಿತಿದ್ದರು. ಲ್ಯಾರಿಯ ಶಾಲೆಯ ಸಂತಾಪ ಸಭೆಯಲ್ಲಿ ಕಿಟ್ಟಿ ಎದ್ದು ನಿಂತು, ಜನ ಒಬ್ಬರ ಮೇಲೊಬ್ಬರು ಎಸೆಯುವ ಹೀನ ಹೆಸರುಗಳ ಬಗ್ಗೆ, ಆ ಹೆಸರಿನ ಹಿಂದಿರುವ ಮನುಷ್ಯನ ಬಗ್ಗೆ ಮಾತಾಡುತ್ತಾಳೆ. ತಾನು ಯಾರೆಂದು ಆಗಲೂ ಹೇಳುವುದಿಲ್ಲ.

ಆಗ ಝೇವಿಯರ್ ಶಾಲೆಯ ಮುಖ್ಯಸ್ಥ ಮ್ಯಾಗ್ನೆಟೋ! ಇದು ಹೇಗಾಯಿತೆಂದರೆ, 1981ರ ‘ಎಕ್ಸ್-ಮೆನ್’ 150ನೇ ಸಂಚಿಕೆಯಲ್ಲಿ ಕಾದಾಟದ ಬಿಸಿಯಲ್ಲಿ ಅವನು ಕಿಟ್ಟಿಯನ್ನು ಹೊಡೆದುರುಳಿಸುತ್ತಾನೆ, ಹತ್ತಿರ ಹೋದಾಗ ಅದು ಮಗು ಎಂದು ಕಂಡು ಕುಸಿಯುತ್ತಾನೆ. ಆಶ್‌ವಿಟ್ಜ್‌ನಲ್ಲಿ ಬೆಳೆದ ತಾನು ಯಾರಂತಾಗಿಬಿಟ್ಟೆ ಎಂದು ಅವನಿಗೆ ಹೊಳೆಯುವುದು ಆಗ; ಅವನ ಆ ಹಿನ್ನೆಲೆ ಓದುಗರಿಗೆ ತಿಳಿದದ್ದೂ ಅಲ್ಲೇ. 200ನೇ ಸಂಚಿಕೆಯಲ್ಲಿ ಝೇವಿಯರ್ ಸಾವಿನಂಚಿಗೆ ಬಂದು ಬಾಹ್ಯಾಕಾಶಕ್ಕೆ ಹೋಗುವಾಗ ಶಾಲೆಯನ್ನು ಹಳೆಯ ಮಿತ್ರನ ಕೈಗೆ ಒಪ್ಪಿಸುತ್ತಾನೆ. ಮ್ಯಾಗ್ನೆಟೋ ಮನಸ್ಸಿಟ್ಟು ಪ್ರಯತ್ನಿಸುತ್ತಾನೆ. ಆದರೆ ಮಕ್ಕಳು ಅವನಿಗೆ ಹೇಳದೆ ಹೊರಹೋಗುತ್ತಾರೆ, 1988ರ ‘ನ್ಯೂ ಮ್ಯೂಟೆಂಟ್ಸ್’ 60ನೇ ಸಂಚಿಕೆಯಲ್ಲಿ ಡಗ್ ರ‍್ಯಾಮ್ಸಿ ರೇನ್‌ಳತ್ತ ಬಂದ ಗುಂಡಿಗೆ ಅಡ್ಡ ನಿಂತು ಸಾಯುತ್ತಾನೆ. ಡಗ್‌ನ ಶಕ್ತಿಯೆಂದರೆ ಯಾವ ಭಾಷೆಯನ್ನಾದರೂ ತಕ್ಷಣ ಅರಿಯುವುದು, ಅಷ್ಟೇ. ಅಂತಹ ಹುಡುಗನನ್ನು ಗುಂಡು ಹಾರುವ ಜಾಗದಲ್ಲಿ ಬಿಟ್ಟವರು ಯಾರು ಎಂದು ಓದುಗರು ಕೇಳಿದರು. ಕೇಳಬೇಕಾದದ್ದೇ.

1990ರಲ್ಲಿ ಬಂದ ಕೇಬಲ್‌ಗೆ ಇಂತಹ ತಾಕಲಾಟವೇ ಇಲ್ಲ. ದೊಡ್ಡ ಬಂದೂಕು ಹೊತ್ತ ಈ ಮುದಿ ಸೈನಿಕ ಮಕ್ಕಳನ್ನು ಸಿಪಾಯಿಗಳೆಂದೇ ಕರೆದು ತರಬೇತಿ ಕೊಡುತ್ತಾನೆ. ನೂರನೆಯ ಸಂಚಿಕೆಗೆ ‘ನ್ಯೂ ಮ್ಯೂಟೆಂಟ್ಸ್’ ಮುಗಿದು, 1991ರಲ್ಲಿ ಅದೇ ತಂಡ ರಾಬ್ ಲೀಫೆಲ್ಡ್ ಕೈಯಲ್ಲಿ ‘ಎಕ್ಸ್-ಫೋರ್ಸ್’ ಆದಾಗ ಮೊದಲ ಸಂಚಿಕೆಯ ಪ್ರತಿಗಳು ಸುಮಾರು 50 ಲಕ್ಷ ಮಾರಾಟವಾದವು. ಚಿತ್ರಗಳು ನನಗೆ ಹಿಡಿಸುವುದಿಲ್ಲ, ಕತೆ ತೆಳು. ಆದರೂ ಒಂದು ಮಾತು ಒಪ್ಪಬೇಕು: ಸೈನ್ಯಕ್ಕೆ ಶಾಲೆಯ ಬೋರ್ಡು ಹಾಕದ ಮೊದಲ ಗುರು ಅವನೇ.

ವುಲ್ವರಿನ್‌ನ ದಾರಿ ಬೇರೆ. ಬೋರ್ಡೂ ಇಲ್ಲ, ತರಗತಿಯೂ ಇಲ್ಲ. ಜಪಾನಿನಲ್ಲಿ ಶತ್ರುವಿನ ವಶವಾಗಿ ಮನಸ್ಸು ಕಳೆದುಕೊಂಡ ಕಿಟ್ಟಿಯನ್ನು ಮರಳಿ ನೆಲೆಗೆ ತಂದವನು ಅವನು. 1989ರಲ್ಲಿ ಲಾಸ್ ಏಂಜಲೀಸ್‌ನ ಶಾಪಿಂಗ್ ಮಾಲ್ ಒಂದರಲ್ಲೇ ಬದುಕುತ್ತಿದ್ದ ಅನಾಥೆ ಜುಬಿಲಿ ಎಕ್ಸ್-ಮೆನ್ ಹಿಂದೆ ಆಸ್ಟ್ರೇಲಿಯಾಕ್ಕೆ ನುಸುಳಿ ಬರುತ್ತಾಳೆ. ಅಲ್ಲಿ ಶತ್ರುಗಳು ಮರದ ಕೊರಡಿಗೆ ಬಿಗಿದುಹೋದ ವುಲ್ವರಿನ್‌ನನ್ನು ಉಳಿಸುವವಳು ಅವಳೇ. ಮಗು ಗುರುವನ್ನು ಕಾಪಾಡುವ ಈ ತಿರುವಿನಿಂದ ಅವರ ನಂಟಿನಲ್ಲಿ ಋಣದ ತಕ್ಕಡಿ ಮೊದಲಿನಿಂದಲೇ ಸಮ. ಕಾಮಿಕ್ಸ್ ಓದುಗರು ಈ ಜೋಡಿಯನ್ನು ಅಷ್ಟೊಂದು ಪ್ರೀತಿಸಲು ಅದೂ ಒಂದು ಕಾರಣವಿರಬೇಕು.

ಎಮ್ಮಾ ಫ್ರಾಸ್ಟ್‌ಗೆ ಬರೋಣ, ಏಕೆಂದರೆ ಈ ಗುರುಗಳಲ್ಲೆಲ್ಲ ಅವಳೇ ಕುತೂಹಲದ ವ್ಯಕ್ತಿ. 1991ರಲ್ಲಿ ಅವಳ ಶಿಷ್ಯರಾದ ಹೆಲಿಯನ್ಸ್ ತಂಡದ ಮಕ್ಕಳು ಹೆಚ್ಚುಕಡಿಮೆ ಎಲ್ಲರೂ ಒಂದೇ ದಾಳಿಯಲ್ಲಿ ಸತ್ತರು. 1994ರಲ್ಲಿ ಸ್ಕಾಟ್ ಲಾಬ್ಡೆಲ್ ಮತ್ತು ಕ್ರಿಸ್ ಬಚಾಲೊ ತಂದ ‘ಜನರೇಶನ್ ಎಕ್ಸ್’ನಲ್ಲಿ ಅದೇ ಎಮ್ಮಾ, ಎಕ್ಸ್-ಮೆನ್ ತಂಡದ ಹಳೆಯ ಸದಸ್ಯ ಬ್ಯಾನ್‌ಶೀ ಜತೆಗೂಡಿ, ಜುಬಿಲಿ ಮುಂತಾದ ಹೊಸ ಮಕ್ಕಳಿಗೆ ಪಾಠ ಹೇಳುತ್ತಾಳೆ. ನಾಲಿಗೆ ಹರಿತ, ಉಡುಪು ದುಬಾರಿ, ಮಕ್ಕಳ ವಿಷಯದಲ್ಲಿ ಮಾತ್ರ ಹೆಣ್ಣುಹುಲಿ. ತನ್ನ ಕೈಯಲ್ಲಿ ಮಕ್ಕಳು ಸತ್ತರು ಎಂಬುದನ್ನು ಝೇವಿಯರ್ ಕನಸಿನ ಹೆಸರಿನಲ್ಲಿ ಮುಚ್ಚಿಡುತ್ತಾನೆ. ಎಮ್ಮಾಗೆ ಮುಚ್ಚಲು ಕನಸೇ ಇಲ್ಲ.

2001ರಿಂದ 2004ರವರೆಗೆ ಗ್ರಾಂಟ್ ಮಾರಿಸನ್ ಬರೆದ ಕತೆಗಳಲ್ಲಿ ಶಾಲೆಯ ಗುಟ್ಟು ರಟ್ಟಾಗಿ ಅದು ಬಹಿರಂಗವಾಗಿಯೇ ನಡೆಯುತ್ತದೆ. ಕಾರಿಡಾರುಗಳಲ್ಲಿ ನೂಕುನುಗ್ಗಲು, ಶಿಷ್ಯರಲ್ಲಿ ಜಾಣರು, ಸೋಮಾರಿಗಳು, ಕುರೂಪಿಗಳು ಎಲ್ಲರೂ ಇದ್ದಾರೆ. ಅತ್ಯಂತ ಜಾಣ ಹುಡುಗ ಕ್ವೆಂಟಿನ್ ಕ್ವಾಯರ್ ‘ಮ್ಯಾಗ್ನೆಟೋ ಹೇಳಿದ್ದೇ ಸರಿ’ ಎಂದು ಬರೆದ ಟೀ ಶರ್ಟ್ ತೊಟ್ಟು ಝೇವಿಯರ್‌ನ ಕನಸು ಎಲ್ಲಿಗೆ ತಲುಪಿತು ಎಂದು ಕೇಳುತ್ತಾನೆ, ಶಾಲೆಯ ಸಾರ್ವಜನಿಕ ದಿನದಂದೇ ದಂಗೆ ಎಬ್ಬಿಸುತ್ತಾನೆ. ಹುಡುಗ ಅಹಂಕಾರಿ, ಕೈಗೆ ರಕ್ತ ಅಂಟಿಸಿಕೊಂಡವನು. ಆದರೆ ಪ್ರಶ್ನೆಗೆ ಗುರುವಿನ ಬಳಿ ಉತ್ತರವಿರುವುದಿಲ್ಲ.

ಇಲ್ಲಿಂದ ಮುಂದೆ ಗುರುಗಳು ಒಬ್ಬರಿಗಿಂತ ಒಬ್ಬರು ಕೆಟ್ಟವರಾಗಿ ಕಾಣುತ್ತಾರೆ. ಇದಕ್ಕೆ ಕಾರಣ ಕತೆಯೊಳಗಿಗಿಂತ ಕತೆಯ ಹೊರಗಿದೆ. ಧಾರಾವಾಹಿ ಕಾಮಿಕ್ಸ್‌ನಲ್ಲಿ ಪಾತ್ರಗಳಿಗೆ ವಯಸ್ಸು ಆಮೆಗತಿಯಲ್ಲಿ ಏರುತ್ತದೆ. 1980ರಲ್ಲಿ ಹದಿಮೂರೂವರೆ ಇದ್ದವಳು ಇಂದಿಗೂ ಯುವತಿಯೇ. ಓದುಗನಿಗೆ ಮಾತ್ರ ನಿಜವಾಗಿ ವಯಸ್ಸಾಗುತ್ತದೆ. ಹನ್ನೆರಡರಲ್ಲಿ ಓದಿದಾಗ ಆ ಬಂಗಲೆಗೆ ಸೇರಬೇಕೆನಿಸುತ್ತದೆ. ಮಕ್ಕಳನ್ನು ಶಾಲೆಗೆ ಬಿಡುವ ವಯಸ್ಸಿನಲ್ಲಿ ಓದಿದಾಗ ಆ ಮೇಷ್ಟ್ರ ಮೇಲೆ ದೂರು ಕೊಡಬೇಕೆನಿಸುತ್ತದೆ. ಇಂದಿನ ಲೇಖಕರೂ ಹಿಂದಿನ ಓದುಗರೇ. ಮೇಲಾಗಿ ಹೊಸ ಓದುಗರನ್ನು ಸೆಳೆಯಲು ಪ್ರಕಾಶಕರಿಗೆ ಕೆಲವು ವರ್ಷಗಳಿಗೊಮ್ಮೆ ಹೊಸ ಮಕ್ಕಳ ತಂಡ ಬೇಕು. ಹಳೆಯ ಮಕ್ಕಳು ಆಗ ಗುರುಗಳಾಗಬೇಕು, ಇಲ್ಲವೇ ಸಾಯಬೇಕು.

ಹಾಗಾಗಿ 2006ರಲ್ಲಿ ಎಡ್ ಬ್ರೂಬೇಕರ್ ಹಳೆಯ ಕತೆಯ ಅಡಿಪಾಯವನ್ನೇ ಅಗೆದರು: 1975ರ ತಂಡಕ್ಕೂ ಮೊದಲು ಝೇವಿಯರ್ ಇನ್ನೊಂದು ಎಳೆಯರ ತಂಡವನ್ನು, ಆ ತಂಡ ಮೊದಲ ಕಾರ್ಯಾಚರಣೆಗೆ ಹೋದ ಕ್ರಕೋವಾ ದ್ವೀಪಕ್ಕೇ ಕಳುಹಿಸಿದ್ದ, ಅವರು ಹಿಂತಿರುಗಲಿಲ್ಲ, ಆ ನೆನಪನ್ನು ಅವನು ಸೈಕ್ಲಾಪ್ಸ್‌ನ ತಲೆಯಿಂದ ಅಳಿಸಿಬಿಟ್ಟಿದ್ದ. 2011ರ ‘ಸ್ಕಿಸಮ್’ನಲ್ಲಿ ಅದೇ ಸೈಕ್ಲಾಪ್ಸ್ ಈಗ ನಾಯಕ. ಒತ್ತೆಯಾಳುಗಳನ್ನು ಉಳಿಸಲು ನೈಜೀರಿಯಾದ ಹದಿನಾಲ್ಕರ ಹುಡುಗಿ ಇಡಿಯೆ ಕೊಲ್ಲಬೇಕಾದ ಗಳಿಗೆ ಬಂದಾಗ ಅವನು ತಡೆಯುವುದಿಲ್ಲ. ಜೀವನವಿಡೀ ಕೊಂದುಕೊಂಡೇ ಬಂದ ವುಲ್ವರಿನ್, ಆ ಭಾರ ಮಗುವಿನ ಹೆಗಲಿಗೆ ಬೇಡವೆಂದು ಅವನಿಂದ ದೂರವಾಗಿ ವೆಸ್ಟ್‌ಚೆಸ್ಟರ್‌ನಲ್ಲಿ ಜೀನ್ ಗ್ರೇ ಹೆಸರಿನ ಶಾಲೆ ತೆರೆಯುತ್ತಾನೆ. ಮರುವರ್ಷ ಫೀನಿಕ್ಸ್ ಎಂಬ ಬಾಹ್ಯಾಕಾಶದ ಮಹಾಶಕ್ತಿ ಮೈಹೊಕ್ಕ ಉನ್ಮಾದದಲ್ಲಿ ಸೈಕ್ಲಾಪ್ಸ್ ಝೇವಿಯರ್‌ನನ್ನೇ ಕೊಲ್ಲುತ್ತಾನೆ. ಮೊದಲ ಶಿಷ್ಯ, ಮೊದಲ ಗುರು. ಕಾಮಿಕ್ಸ್‌ನಲ್ಲಿ ಸತ್ತವರು ಮರಳುವುದು ವಾಡಿಕೆ, ಝೇವಿಯರ್ ಮರಳಿದ.

2019ರಲ್ಲಿ ಜೊನಾಥನ್ ಹಿಕ್‌ಮನ್ ಮ್ಯೂಟೆಂಟರಿಗೆ ಕ್ರಕೋವಾದಲ್ಲಿ ಸ್ವಂತ ರಾಷ್ಟ್ರವನ್ನೇ ಕಟ್ಟಿಕೊಟ್ಟಾಗ ಶಾಲೆಯ ಮಾತು ಹಿಂದೆ ಸರಿಯಿತು. ಸತ್ತರೆ ಹೊಸ ದೇಹ ಸಿಗುವ ಊರಿನಲ್ಲಿ ಪಾಠಕ್ಕೆ ಯಾವ ತುರ್ತು? ಆ ನಡುವೆ ವೀಟಾ ಅಯಾಲಾ ಬರೆದ ‘ನ್ಯೂ ಮ್ಯೂಟೆಂಟ್ಸ್’ನಲ್ಲಿ ಕಾಸ್ಮಾರ್ ಎಂಬ ಹುಡುಗಿ ಬರುತ್ತಾಳೆ, ತನ್ನದೇ ಶಕ್ತಿಯಿಂದ ಅವಳ ಮುಖ ಮೈ ವಿಕಾರವಾಗಿದೆ. ತನಗೂ ಹೊಸ ದೇಹ ಕೊಡಿ, ಹಳೆಯ ಮುಖ ಮರಳಿ ಬರಲಿ ಎಂದು ಬೇಡುತ್ತಾಳೆ. ಈಗ ದೊಡ್ಡವಳಾಗಿ ಪಾಠ ಹೇಳುತ್ತಿರುವ ಡ್ಯಾನಿ, ಇದ್ದ ರೂಪದ ಬಗ್ಗೆ ಹೆಮ್ಮೆಪಡಬೇಕೆಂದು ಒಳ್ಳೆಯ ಮಾತಿನಲ್ಲೇ ಇಲ್ಲವೆನ್ನುತ್ತಾಳೆ. ಡ್ಯಾನಿಯ ರೂಪ ಸುಂದರವಾಗಿದೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಗುವಿನ ಮಾತು ಕೇಳಿಸಿಕೊಳ್ಳಲು ಕೊನೆಗೆ ಸಿಗುವವನು ಶ್ಯಾಡೋ ಕಿಂಗ್, ಮನಸ್ಸುಗಳನ್ನು ಕೆಡಿಸುವವನು.

2024ರಲ್ಲಿ ಆ ರಾಷ್ಟ್ರವೂ ಅಳಿದು ಎಲ್ಲರೂ ಚದುರಿದ್ದಾರೆ. ವೆಸ್ಟ್‌ಚೆಸ್ಟರ್‌ನ ಬಂಗಲೆ ಈಗ ಮ್ಯೂಟೆಂಟರ ಸೆರೆಮನೆ. ಲೂಸಿಯಾನಾದಲ್ಲಿ ರೋಗ್ ಮತ್ತು ಅವಳ ಗಂಡ ಗ್ಯಾಂಬಿಟ್ ಇದ್ದ ಮನೆಗೆ ಓಡಿಬಂದ ನಾಲ್ವರು ಮಕ್ಕಳು ಔಟ್‌ಲೈಯರ್ಸ್ ಎಂಬ ಹೆಸರಿನಲ್ಲಿ ಹೊಸ ತಂಡವಾಗಿದ್ದಾರೆ. ಒಮ್ಮೆ ಶತ್ರುವಿನ ಬಾಗಿಲು ತಟ್ಟಿ ನಿಂತಿದ್ದ ರೋಗ್ ಈಗ ಒಳಗಿನಿಂದ ಬಾಗಿಲು ತೆರೆಯುವವಳು. ಅತ್ತ ಈವ್ ಯೂಯಿಂಗ್ ಬರೆದ ‘ಎಕ್ಸೆಪ್ಷನಲ್ ಎಕ್ಸ್-ಮೆನ್’ನಲ್ಲಿ ಕಿಟ್ಟಿ ಶಿಕಾಗೋಕ್ಕೆ ಮರಳಿ ಬಾರ್ ಒಂದರಲ್ಲಿ ಕೆಲಸಕ್ಕಿದ್ದಾಳೆ. ಮ್ಯೂಟೆಂಟರ ಸಹವಾಸವೇ ಸಾಕು ಎಂದುಕೊಂಡವಳಿಗೆ ಕಂಚಿನ ಮೈಯ ಟ್ರಿಸ್ಟಾ ಎಂಬ ಹುಡುಗಿ ಎದುರಾಗುತ್ತಾಳೆ, ಆಮೇಲೆ ಇನ್ನಿಬ್ಬರು. ವಾಸನೆ ಹಿಡಿದು ಎಮ್ಮಾ ಫ್ರಾಸ್ಟ್ ಕೂಡ ಬಂದಿಳಿಯುತ್ತಾಳೆ. ಒಬ್ಬಳನ್ನು ಇನ್ನೊಬ್ಬಳು ಬಲೆಗೆ ಕೆಡವಲು ಬಂದಿದ್ದ ದಿನದಿಂದ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಈಗ ಅದೇ ಮೂವರು ಮಕ್ಕಳಿಗೆ ಇಬ್ಬರೂ ಗುರುಗಳು. ಮಕ್ಕಳಿಗೆ ಏನು ಕಲಿಸಬೇಕು, ಎಷ್ಟು ಕಲಿಸಬೇಕು, ಏಕೆ ಕಲಿಸಬೇಕು ಎಂಬುದರಲ್ಲಿ ಒಂದಕ್ಕೂ ಇವರಿಬ್ಬರಿಗೆ ಒಮ್ಮತವಿಲ್ಲ. ಒಂದು ವ್ಯತ್ಯಾಸವಿದೆ: ಈ ಸಲ ಆ ಜಗಳ ಮಕ್ಕಳ ಕಣ್ಣೆದುರೇ ನಡೆಯುತ್ತಿದೆ.